ತೇಗದ ರೆಕ್ಕೆ

ಹೊಸಬಾಳೆ, 29 ಏಪ್ರಿಲ್ 1958, ಮಂಗಳವಾರ

ನಿನ್ನೆ ಊರಿಗೆ ಬಂದೆವು. ಟ್ರಂಕು ಇನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಇಲ್ಲೇ ಉಳಿಯಲು ಒಪ್ಪಿಕೊಂಡಂತೆ ಆಗುತ್ತದೆ.

ಬೆಂಗಳೂರಿನ ಸಂಶೋಧನಾಲಯದಲ್ಲಿ ಸಂಜೆ ಗಂಟೆ ಹೊಡೆಯುವ ಮುಂಚೆ ಆ ದಿನ ಏನು ಮಾಡಿದೆ ಎಂದು ಬರೆದಿಡುವುದು ಆರು ವರ್ಷದ ಅಭ್ಯಾಸ. ಈಗ ಕೆಲಸವಿಲ್ಲ, ಆದರೂ ಬರೆಯುತ್ತೇನೆ. ನಡೆದದ್ದು ನಡೆದ ಹಾಗೆ ಒಂದು ಕಡೆಯಾದರೂ ಇರಬೇಕು. ಅವರ ಫೈಲಿನಲ್ಲಂತೂ ಇಲ್ಲ.

ಬೆಳಿಗ್ಗೆ ಅಣ್ಣ ಕೆಂಪಪ್ಪ ಕೊಟ್ಟಿಗೆ ಬಳಿ ನಿಲ್ಲಿಸಿ, ಕೆಲಸ ಬಿಟ್ಟು ಯಾಕೆ ಬಂದೆ ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ವಿಮಾನ ಕಟ್ಟುವ ಮುಂಚೆ ಅದರ ಸಣ್ಣ ಮಾಡೆಲನ್ನು ತೇಗದಲ್ಲಿ ಮಾಡುತ್ತೇವೆ. ಅದನ್ನು ಗಾಳಿ ಸುರಂಗದಲ್ಲಿ, ಅಂದರೆ ಒಂದು ತುದಿಗೆ ಭಾರಿ ಫ್ಯಾನು ಇರುವ ಉದ್ದ ಕೊಳವೆಯಂಥ ಕೋಣೆಯಲ್ಲಿ, ಕಂಬದ ಮೇಲೆ ಕೂರಿಸಿ ಗಾಳಿ ಬಿಡುತ್ತಾರೆ. ಗಾಳಿ ಅದನ್ನು ಎಷ್ಟು ಎತ್ತುತ್ತದೆ, ಎಷ್ಟು ಹಿಂದೆ ತಳ್ಳುತ್ತದೆ ಎಂದು ಕೆಳಗಿನ ತಕ್ಕಡಿ ತೋರಿಸುತ್ತದೆ. ನಾನು ಮಾಡಿದ ರೆಕ್ಕೆ ಮೇಲೂ ಕೆಳಗೂ ಒಂದೇ ಉಬ್ಬಿನದು. ಅಂಥ ರೆಕ್ಕೆಯನ್ನು ಮಟ್ಟವಾಗಿ ಇಟ್ಟರೆ ಗಾಳಿ ಅದನ್ನು ಎತ್ತಲೂ ಬಾರದು, ಅದುಮಲೂ ಬಾರದು. ಆದರೆ ತಕ್ಕಡಿ ಎತ್ತುತ್ತಿದೆ ಎಂದು ತೋರಿಸಿತು. ಮೂರು ದಿನವೂ ಅದೇ ಲೆಕ್ಕ.

ದೊಡ್ಡ ಸಾಹೇಬರು ಮಾಡೆಲ್ ಶಾಪಿಗೆ ಬಂದರು. ರೆಕ್ಕೆಯನ್ನು ಮುಟ್ಟಿಯೂ ನೋಡಲಿಲ್ಲ. "ಮರ ಸೊಟ್ಟಗಾಗಿದೆ, ಮೇಲ್ಮೈ ಉಬ್ಬು ಜಾಸ್ತಿ ಕೆತ್ತಿದ್ದೀಯ," ಎಂದರು. ನಾನು ಅಚ್ಚುತಗಡು, ಅಂದರೆ ರೆಕ್ಕೆಯ ಉಬ್ಬಿನ ಆಕಾರಕ್ಕೆ ಕತ್ತರಿಸಿದ ಅಳತೆಯ ತಗಡು, ತಂದು ಹದಿನಾಲ್ಕು ಕಡೆ ಇಟ್ಟು ತೋರಿಸುತ್ತೇನೆ ಎಂದೆ. ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಮೂರು ಪಾಲಿನ ವ್ಯತ್ಯಾಸವೂ ಸಿಗುವುದಿಲ್ಲ ಎಂದೆ. ಅವರು ಗಡಿಯಾರ ನೋಡಿಕೊಂಡರು. ಹೊಸ ಸುರಂಗ, ಆರು ತಿಂಗಳ ಹಿಂದೆ ಅವರೇ ನಿಂತು ಕಟ್ಟಿಸಿದ್ದು. ಅದರಲ್ಲಿ ತಪ್ಪಿರಲಾರದು, ಹಾಗಾಗಿ ತಪ್ಪು ಬಡಗಿಯದು. ಮುಂದಿನ ಆರ್ಡರ್ ಬರುವವರೆಗೆ ರಜೆ.

ಅಣ್ಣ ಎಲ್ಲ ಕೇಳಿ, "ಹಂಗಾದ್ರೆ ನೀನು ಕೆತ್ತಿದ್ದು ಸರಿ ಐತಿ ಅಂತ ನಿಂಗೆ ಖಾತ್ರಿಯಾ?" ಎಂದ. ಒಡಹುಟ್ಟಿದವನು ಕೇಳುವ ಮಾತೇ ಇದು?

3 ಮೇ, ಶನಿವಾರ

ಊರಲ್ಲಿ ಸುದ್ದಿ ಹಬ್ಬಿದೆ. ಉಚ್ಚಂಗಪ್ಪ ಕೆತ್ತಿದ ವಿಮಾನ ಬಿದ್ದುಹೋಯಿತಂತೆ! ಬಾವಿಕಟ್ಟೆಯಲ್ಲಿ ಹೆಂಡತಿ ತುಂಗಮ್ಮನನ್ನು ಎಷ್ಟು ಜನ ಸತ್ತರು ಎಂದು ಕೇಳಿದರಂತೆ. ಅವಳು ಅದು ಬರೀ ಮೂರು ಅಡಿಯ ಮರದ ಬೊಂಬೆ ಎಂದರೂ ಯಾರೂ ನಂಬಲಿಲ್ಲ.

ಯುದ್ಧದ ಕಾಲದಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೆ, ನೇಗಿಲು ಕೆತ್ತಿದ ಕೈಯಲ್ಲೇ ವಿಮಾನ ಕಾರ್ಖಾನೆಯ ಮರದ ವಿಭಾಗಕ್ಕೆ ಸೇರಿದವನು ನಾನು. ಒಕ್ಕಲುತನದ ಮನೆಯಿಂದ ಹೋಗಿ ಉಳಿ ಹಿಡಿದು ಹೆಸರು ಮಾಡಿದೆ, ಆರು ವರ್ಷದ ಹಿಂದೆ ಅಲ್ಲಿಂದ ಸಂಶೋಧನಾಲಯಕ್ಕೆ ಬಂದೆ. ಈ ಬೇಸಿಗೆ ಜೆಟ್ ಎಂಜಿನ್ನಿಗೆ ಗಾಳಿ ಎಳೆದುಕೊಳ್ಳುವ ಬಾಯಿಯ ಮಾಡೆಲು ಶುರುವಾಗಬೇಕಿತ್ತು. ಒಳಗೆ ಕೈ ಹೋಗದ ಕಡೆ ಬಳಸಿ ಕೆತ್ತಬೇಕಾದ ಕೆಲಸ. ನನಗೇ ಎಂದು ಹೇಳಿದ್ದರು. ಅದನ್ನು ಬೇರೆಯವನಿಗೆ ಕೊಟ್ಟಾಯಿತು ಎಂದು ಹೊರಡುವ ದಿನವೇ ತಿಳಿಯಿತು. ಬರೆಯುತ್ತ ಬರೆಯುತ್ತ ಪೆನ್ಸಿಲ್ ಮೊನೆ ಮುರಿಯಿತು.

9 ಮೇ, ಶುಕ್ರವಾರ

ಶಿಕಾರಿಪುರಕ್ಕೆ ಹೋಗಿ ಬಂದೆ. ಅಲ್ಲಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವೀರಬಸಪ್ಪನವರು ತುಂಗಮ್ಮನ ತವರಿನ ಪಕ್ಕದ ಮನೆಯವರು. ಸಂಶೋಧನಾಲಯಕ್ಕೆ ಒಂದು ಇಂಗ್ಲಿಷ್ ಕಾಗದ ಬರೆದುಕೊಡಬೇಕೆಂದು ಕೇಳಿಕೊಂಡೆ.

ಬಸ್ಸಿನಲ್ಲಿ ಕೂತಾಗ ಒಂದು ಉಪಾಯ ಹೊಳೆದಿತ್ತು. ಗಾರೆಯವನು ರಸಮಟ್ಟವನ್ನು ಹೇಗೆ ಪರೀಕ್ಷೆ ಮಾಡುತ್ತಾನೆ? ಗೋಡೆ ಮೇಲೆ ಇಡುತ್ತಾನೆ, ಗುಳ್ಳೆ ಎತ್ತ ಹೋಯಿತು ನೋಡುತ್ತಾನೆ. ಆಮೇಲೆ ಅದನ್ನೇ ತಿರುಗಿಸಿ ಇಡುತ್ತಾನೆ. ಗುಳ್ಳೆ ಮತ್ತೆ ಗೋಡೆಯ ಅದೇ ಕಡೆಗೆ ಹೋದರೆ ಗೋಡೆ ಓರೆ. ಆ ಕಡೆ ಬಿಟ್ಟು ಈ ಕಡೆಗೆ ಬಂದರೆ ರಸಮಟ್ಟವೇ ಕೆಟ್ಟಿದೆ. ರೆಕ್ಕೆಯನ್ನೂ ಹಾಗೇ ತಲೆಕೆಳಗು ಮಾಡಿ ಕೂರಿಸಲಿ. ನಾನು ಮೇಲ್ಮೈ ಉಬ್ಬು ಜಾಸ್ತಿ ಕೆತ್ತಿದ್ದರೆ ಈಗ ಆ ಉಬ್ಬು ಕೆಳಗೆ ಬರುತ್ತದೆ, ತಕ್ಕಡಿ ಕೆಳಕ್ಕೆ ಎಳೆಯುತ್ತಿದೆ ಎಂದು ತೋರಿಸಬೇಕು. ಹಾಗಲ್ಲದೆ ಮತ್ತೂ ಮೇಲಕ್ಕೇ ಎತ್ತಿದರೆ? ಆಗ ರೆಕ್ಕೆ ಸರಿ, ಸುರಂಗದ ಗಾಳಿಯೇ ಕೆಳಗಿನಿಂದ ಮೇಲಕ್ಕೆ ಓರೆಯಾಗಿ ಬೀಸುತ್ತಿದೆ.

ಮೇಷ್ಟ್ರ ಮನೆಯವರು ಮೂರು ತಲೆಮಾರಿನಿಂದ ಕಿರಾಣಿ ವ್ಯಾಪಾರಸ್ಥರು. ನಾನು ಅರ್ಧ ಹೇಳುವಷ್ಟರಲ್ಲೇ ಹಿಡಿದುಬಿಟ್ಟರು. "ತಕ್ಕಡಿ ಮೇಲೆ ಅನುಮಾನ ಬಂದ್ರೆ ಸಾಮಾನು ಈ ತಟ್ಟೇಲಿ, ಬಟ್ಟು ಆ ತಟ್ಟೇಲಿ ಹಾಕಿ ನೋಡ್ತೀವಲ್ರೀ, ಅದೇ ಇದು," ಎಂದರು. ಇಂಥದ್ದು ಅಷ್ಟು ಓದಿದವರಿಗೆ ತಿಳಿಯದೆ ಇರುತ್ತದೆಯೇ ಎಂದು ಅವರಿಗೆ ಆಶ್ಚರ್ಯ. ತಿಳಿದಿದೆ. ಕಂಬ ಬದಲಿಸಿ ತಲೆಕೆಳಗೆ ಕೂರಿಸಲು ಹತ್ತು ದಿನದ ಕೆಲಸ, ಜುಲೈಗೆ ರಿಪೋರ್ಟು ಹೋಗಬೇಕು. ಹತ್ತು ದಿನಕ್ಕಿಂತ ಒಬ್ಬ ಬಡಗಿಯ ಮಾನ ಅಗ್ಗ.

ಎರಡು ಪುಟದ ಕಾಗದ ರಿಜಿಸ್ಟರ್ ಮಾಡಿದೆ. ಸುರಂಗದಲ್ಲಿ ಮಾಡೆಲು ಕೂರಿಸುವ ಫಿಟ್ಟರ್ ಪುಟ್ಟಪ್ಪ ನನ್ನ ಸ್ನೇಹಿತ. ಅವನಿಗೆ ಕನ್ನಡದಲ್ಲಿ ಬೇರೆ ಒಂದು ಬರೆದೆ.

17 ಮೇ, ಶನಿವಾರ

ಉತ್ತರವಿಲ್ಲ.

ಸುಮ್ಮನೆ ಕೂರಲಾರದೆ ಅಣ್ಣನಿಗೆ ಹೊಸ ಕೂರಿಗೆ ಮಾಡುತ್ತಿದ್ದೇನೆ. ಹಳೆಯದರ ದಿಂಡು ಹುಳು ತಿಂದಿತ್ತು. ಆರು ಸಾಲು ಬಿತ್ತುವ ಕೂರಿಗೆ. ಮೇಲೆ ಬೀಜ ಹಾಕುವ ಬಟ್ಟಲು, ಅದರ ಆರು ತೂತಿನಿಂದ ಆರು ಬಿದಿರಿನ ಕೊಳವೆ ಕೆಳಗೆ ನೆಲಕ್ಕೆ ಇಳಿಯುತ್ತವೆ. ಊರಿನ ಬಡಗಿ ಕಣ್ಣಳತೆಯಲ್ಲಿ ಮಾಡುತ್ತಾನೆ. ನಾನು ತೂತುಗಳಿಗೆ ತಗಡಿನ ಅಳತೆ ಕತ್ತರಿಸಿಕೊಂಡೆ, ಬಟ್ಟಲನ್ನು ಗಾಜಿನ ಕಾಗದದಲ್ಲಿ ನುಣುಪು ಮಾಡಿದೆ. ಕೆಂಪಪ್ಪ ಬಂದು ಬೆರಳಾಡಿಸಿ, "ಇದರಾಗೆ ಊಟ ಮಾಡಬಹುದಲೋ," ಎಂದ. ಸಾಹೇಬರು ಬಂದು ನೋಡಬೇಕಿತ್ತು.

26 ಮೇ, ಸೋಮವಾರ

ಮೊನ್ನೆ ಒಳ್ಳೆ ಮಳೆ. ಇವತ್ತು ಕೆರೆ ಹಿಂದಿನ ಎರಡು ಎಕರೆಗೆ ಕೂರಿಗೆ ಭತ್ತ ಬಿತ್ತಿದೆವು. ಅಣ್ಣ ಎತ್ತು ಹೊಡೆದ. ಬೀಜ ಹಾಕಲು ಗುಡ್ಡಮ್ಮಕ್ಕ ಬಂದಿದ್ದಳು. ಐವತ್ತು ದಾಟಿದ ಹೆಂಗಸು, ಗಂಡ ಇಲ್ಲ, ಮಕ್ಕಳಿಲ್ಲ. ಬಿತ್ತನೆ ಬಂತೆಂದರೆ ನಮ್ಮೂರಲ್ಲೂ ಪಕ್ಕದ ಕುಬಟೂರಲ್ಲೂ ಅವಳನ್ನೇ ಕರೆಯುತ್ತಾರೆ, ಕೈಗುಣ ಒಳ್ಳೆಯದು ಅಂತ. ಮುಷ್ಟಿಯಿಂದ ಬೀಜ ಬಿಡುತ್ತ ಕೂರಿಗೆ ಹಿಂದೆ ನಡೆಯುವಾಗ ಅವಳ ಬೆರಳು ಆಡಿದ್ದೇ ಗೊತ್ತಾಗುವುದಿಲ್ಲ.

2 ಜೂನ್, ಸೋಮವಾರ

ಸಂಶೋಧನಾಲಯದಿಂದ ಕಾಗದ ಬಂತು. ನಾಲ್ಕು ಸಾಲು. ನನ್ನ ಸಲಹೆಯನ್ನು 'ಗಮನಿಸಲಾಗಿದೆ'. ಈ ಹಂತದಲ್ಲಿ ಅದರ ಅವಶ್ಯಕತೆ 'ಕಂಡುಬರುವುದಿಲ್ಲ'. ಕಾರ್ಯಾಗಾರದ ನೌಕರರು ಪ್ರಯೋಗದ ವಿಧಾನದ ಬಗ್ಗೆ ಪತ್ರ ಬರೆಯುವುದು 'ಉಚಿತವಲ್ಲ'.

ಉಚಿತವಲ್ಲ! ಹದಿನಾರು ವರ್ಷದ ಕೆಲಸಗಾರನನ್ನು ಒಂದು ಅಚ್ಚುತಗಡು ಕೂಡ ಇಟ್ಟು ನೋಡದೆ ಮನೆಗೆ ಕಳಿಸಿದ್ದು ಉಚಿತ. ಇನ್ನೊಮ್ಮೆ ನೋಡಿ ಎಂದು ಅವನು ಕೇಳಿದ್ದು ಉಚಿತವಲ್ಲ. ಯಾರ ಕೆಲಸದ ಮೇಲೆ ತಪ್ಪು ಹೊರಿಸುತ್ತೀರೋ ಅವನ ಎದುರು ಆ ಕೆಲಸವನ್ನು ಅಳೆಯಬೇಕು. ಇದಕ್ಕೆ ಯಾವ ವಿಧಾನವೂ ಬೇಡ, ಯಾವ ಡಿಗ್ರಿಯೂ ಬೇಡ. ದನದ ಸಂತೆಯಲ್ಲಿ ಹಲ್ಲು ನೋಡದೆ ಎತ್ತಿಗೆ ವಯಸ್ಸಾಯಿತು ಅನ್ನುವುದಿಲ್ಲ. ಈಸೂರಿನವರು ನಲವತ್ತೆರಡರಲ್ಲಿ ಇಂಗ್ಲಿಷರನ್ನು ಎದುರಿಸಿ ನಿಂತದ್ದು ಇಂಥ ಕಾಗದ ಬರೆಯುವವರು ಕುರ್ಚಿಯಲ್ಲಿ ಕೂರಲಿ ಅಂತಲೋ?

ಕಾಗದವನ್ನು ತುಂಗಮ್ಮನಿಗೆ ಎರಡು ಸಲ ಓದಿ ಹೇಳಿದೆ. ಮೂರನೆಯ ಸಲ ಅವಳು ಒಲೆ ಕಡೆ ಎದ್ದು ಹೋದಳು.

8 ಜೂನ್, ಭಾನುವಾರ

ಭತ್ತ ಮೊಳೆತಿದೆ. ಆದರೆ ಆರು ಸಾಲಿನಲ್ಲಿ ಒಂದು ತೀರಾ ತೆಳು. ಹೋದ ಕಡೆಯೂ ಹಾಗೇ, ಬಂದ ಕಡೆಯೂ ಹಾಗೇ. ಹೊಲ ಪೂರ್ತಿ ಪಟ್ಟೆ ಬಿದ್ದಿದೆ. ಅಣ್ಣ ನೋಡಿ ಗುಡ್ಡಮ್ಮಕ್ಕನ ಕೈ ಬಿದ್ದುಹೋಯಿತು ಎಂದ. ನೋಡಲು ಬಂದಿದ್ದ ನಾಲ್ಕು ಜನರೂ ಅದನ್ನೇ ಅಂದರು. ಕೂರಿಗೆ ಹೊಸದು, ಅಳತೆ ಹಿಡಿದು ಮಾಡಿದ್ದು. ಕೈಯದೇ ಇರಬೇಕು, ವಯಸ್ಸಾಯಿತಲ್ಲ ಎಂದು ನಾನೂ ಹೇಳಿದೆ.

ಪುಟ್ಟಪ್ಪನಿಂದಲೂ ಕಾಗದವಿಲ್ಲ. ಅವನೂ ಹೆದರಿದನೋ ಏನೋ.

11 ಜೂನ್, ಬುಧವಾರ

ಬೆಳಿಗ್ಗೆ ಗುಡ್ಡಮ್ಮಕ್ಕ ಬಂದಳು. ಜಗಲಿ ಮೇಲೆ ಕೂರು ಅಂದರೂ ಕೂರಲಿಲ್ಲ, ಅಂಗಳದಲ್ಲೇ ನಿಂತಳು. ಕುಬಟೂರಿನಲ್ಲಿ ಮಳೆ ತಡವಾಗಿ ಎರಡು ಮನೆಯ ಬಿತ್ತನೆ ಬಾಕಿ ಇತ್ತಂತೆ. ನಿನ್ನೆ ಹೋದರೆ ಬೇರೆಯವಳು ಬಟ್ಟಲ ಹಿಂದೆ ನಿಂತಿದ್ದಳಂತೆ. ಗುಡ್ಡಮ್ಮನ ಕೈಗುಣ ಹೋಯಿತು, ಹೊಸಬಾಳೆಯಲ್ಲಿ ಉಚ್ಚಂಗಪ್ಪನೇ ಹೇಳಿದ ಎಂದು ಅಲ್ಲಿಯವರು ಮುಖಕ್ಕೇ ಅಂದರಂತೆ.

"ತಮ್ಮಾ, ನೀನು ಕೂರಿಗೇನ ಒಂದ್ಸಲ ನೋಡಿದ್ಯಾ?" ಎಂದಳು.

ನನಗೆ ಸಿಟ್ಟು ಬಂತು. ವಿಮಾನದ ರೆಕ್ಕೆ ಮಾಡುವ ಕೈ ಇದು, ಒಂದು ಕೂರಿಗೆ ಮಾಡಲಾರದೇ ಎಂದೆ. ಅವಳು, "ಬೇರೆ ಯಾರ ಕೈಲಾದ್ರೂ ಬೀಜ ಹಾಕಿಸಿ ನೋಡು. ಆಗ್ಲೂ ನಂದೇ ಅಂದ್ರೆ ನಂದೇ," ಎಂದು ಹೇಳಿ ಹೊರಟಳು.

ನಾಳೆ ಮಾಡಿ ತೋರಿಸುತ್ತೇನೆ. ಆಮೇಲಾದರೂ ಈ ರಗಳೆ ಮುಗಿಯಲಿ.

12 ಜೂನ್, ಗುರುವಾರ

ಕೂರಿಗೆಯನ್ನು ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ನಿಲ್ಲಿಸಿದೆ. ಪ್ರತಿ ಕೊಳವೆ ಕೆಳಗೂ ಒಂದೊಂದು ಕುಡಿಕೆ. ತುಂಗಮ್ಮ ಬೀಜ ಹಾಕಿದಳು. ಐದು ಕುಡಿಕೆ ಸಮ. ಎಡದಿಂದ ಎರಡನೆಯದರಲ್ಲಿ ಅರ್ಧಕ್ಕಿಂತ ಕಡಿಮೆ.

ನಾನು ಹಾಕಿದೆ. ಅದೇ.

ಕೊಳವೆ ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಬಿದಿರಿನ ಗಿಣ್ಣು ಒಳಗೆ ಪೂರ್ತಿ ಕೊರೆದಿಲ್ಲ, ಅರ್ಧ ಚಂದ್ರದಷ್ಟು ಉಳಿದಿದೆ. ಹೊರಗೆಲ್ಲ ಅಳತೆ ಹಿಡಿದಿದ್ದೆ.

13 ಜೂನ್, ಶುಕ್ರವಾರ

ಗಿಣ್ಣು ಕೊರೆದು ಕೊಳವೆ ಸರಿಮಾಡಿದೆ. ಹತ್ತು ನಿಮಿಷದ ಕೆಲಸ. ತೆಳು ಸಾಲಿಗೆ ಮಡಿಯಿಂದ ಸಸಿ ತಂದು ಕೂಡಿಸಿದರಾಯಿತು ಎಂದು ಅಣ್ಣನಿಗೆ ಹೇಳಿದೆ, ಅವನು ಕಾರಣ ಕೇಳಲಿಲ್ಲ. ಮುಂದಿನ ಬಿತ್ತನೆಗೆ ಕೂರಿಗೆ ಸರಿಯಾಗಿರುತ್ತದೆ. ಇಷ್ಟು ಸಾಕು.

24 ಜೂನ್, ಮಂಗಳವಾರ

ಪುಟ್ಟಪ್ಪನ ಕಾಗದ! ಅವನು ಹೆದರಿರಲಿಲ್ಲ. ದೊಡ್ಡ ಸಾಹೇಬರು ದೆಹಲಿಗೆ ಹೋಗಿದ್ದಾಗ ಇವನೂ ತಕ್ಕಡಿಯ ಲೆಕ್ಕ ಬರೆಯುವ ಹೊಸ ಹುಡುಗ ಆಫೀಸರೂ ಸೇರಿ ಹಳೆ ಕಂಬವನ್ನೇ ತಿದ್ದಿ ರೆಕ್ಕೆಯನ್ನು ತಲೆಕೆಳಗು ಕೂರಿಸಿದರಂತೆ. ಎರಡು ಭಾನುವಾರ ಯಾರಿಗೂ ಹೇಳದೆ ಕೆಲಸ ಮಾಡಿದರಂತೆ. ಗಾಳಿ ಬಿಟ್ಟರು. ಮತ್ತೆ ಮೇಲಕ್ಕೇ ಎತ್ತಿತು! ಅಷ್ಟೇ ಲೆಕ್ಕ. ರೆಕ್ಕೆ ಸರಿ, ಗಾಳಿ ಓರೆ.

ಕಾಗದ ಹಿಡಿದು ಕೆರೆ ಏರಿ ಮೇಲೆ ಉದ್ದಕ್ಕೂ ನಡೆದೆ. ಎದುರು ಸಿಕ್ಕವರಿಗೆಲ್ಲ ಓದಿ ಹೇಳಿದೆ. ಅರ್ಥವಾಯಿತೋ ಬಿಟ್ಟಿತೋ, ಎಲ್ಲರೂ ತಲೆ ಆಡಿಸಿದರು.

1 ಜುಲೈ, ಮಂಗಳವಾರ

ಆರ್ಡರ್ ಬಂತು. ಏಳನೆಯ ತಾರೀಖು ಸೋಮವಾರ ಕೆಲಸಕ್ಕೆ ಹಾಜರಾಗಬೇಕು. ಇಷ್ಟು ದಿನವನ್ನು ಗಳಿಕೆ ರಜೆಗೆ ಹಿಡಿಯಲಾಗಿದೆ. 'ವಿಷಯ ಮುಕ್ತಾಯಗೊಂಡಿದೆ'.

ಮಾಡೆಲು ಸರಿ ಇತ್ತು ಎಂದು ಎಲ್ಲಿದೆ? ಹಿಂದೆ ಮುಂದೆ ತಿರುಗಿಸಿ ನೋಡಿದೆ, ಎಲ್ಲೂ ಇಲ್ಲ. ಹುಡುಗ ಆಫೀಸರು ಲೆಕ್ಕ ತೋರಿಸಿದ ಮೇಲೆ ಗಾಳಿಯ ಓರೆಗೆ ಇಷ್ಟು ಎಂದು ಒಂದು ಅಂಕಿ ಹಿಡಿದು ಎಲ್ಲ ಲೆಕ್ಕದಿಂದ ಕಳೆದುಬಿಟ್ಟರು, ರಿಪೋರ್ಟು ಹೊರಟುಹೋಯಿತು, ನನ್ನ ರೆಕ್ಕೆಯ ಮೇಲೆ ಬರೆದದ್ದನ್ನು ಯಾರೂ ಹೊಡೆದುಹಾಕಲಿಲ್ಲ ಎಂದು ಪುಟ್ಟಪ್ಪ ಆ ಕಾಗದದ ಕೊನೆಯಲ್ಲೇ ಸೂಚಿಸಿದ್ದ. ನಾನು ನಂಬಿರಲಿಲ್ಲ. ತಪ್ಪನ್ನು ಗುಟ್ಟಾಗಿ ಸರಿಮಾಡಿಕೊಂಡು ಸುಮ್ಮನಾದರೆ ಆಗಿಹೋಯಿತೇ? ಯಾರ ಹೆಸರು ಕೆಡಿಸಿದಿರೋ ಅವನ ಹೆಸರು ತನ್ನಷ್ಟಕ್ಕೆ ಸರಿಹೋಗುತ್ತದೆಯೇ? ಹೊರಿಸುವಾಗ ನಾಲ್ಕು ಜನರ ಎದುರು ಹೊರಿಸುತ್ತಾರೆ. ಇಳಿಸುವಾಗ ಮಾತ್ರ ಒಬ್ಬನಿಗೂ ಕೇಳಿಸಬಾರದು.

ಇದನ್ನೆಲ್ಲ ಗಟ್ಟಿಯಾಗಿ ತುಂಗಮ್ಮನಿಗೆ ಹೇಳುತ್ತಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, "ಗುಡ್ಡಮ್ಮಕ್ಕಂಗೆ ಹೇಳಿದ್ರಾ?" ಎಂದಳು.

ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೆ. ಅವಳು ಮೊರದ ಅಕ್ಕಿಯನ್ನು ಒಮ್ಮೆ ಕೇರಿ ಮತ್ತೆ ಆರಿಸತೊಡಗಿದಳು.

2 ಜುಲೈ, ಬುಧವಾರ

ಏನೂ ಮಾಡಲಿಲ್ಲ.

3 ಜುಲೈ, ಗುರುವಾರ

ಕೆರೆ ಹಿಂದಿನ ಹೊಲದಲ್ಲಿ ಕಳೆ ಕೀಳುತ್ತಿದ್ದಾರೆ. ಎಂಟು ಹೆಂಗಸರು, ಅಣ್ಣ, ಪಕ್ಕದ ಹೊಲದ ಇಬ್ಬರು. ಗುಡ್ಡಮ್ಮಕ್ಕ ಅವರಲ್ಲಿ ಇರಲಿಲ್ಲ. ನಾನು ಅವಳ ಮನೆಗೆ ಹೋಗಿ ಹೊಲಕ್ಕೆ ಬಾ ಎಂದೆ. ಕಳೆಗೆ ಕರೆಯುತ್ತಿದ್ದೇನೆ ಎಂದುಕೊಂಡು ಕುಡುಗೋಲು ತಗೊಂಡಳು.

ಬದುವಿನ ಮೇಲೆ ನಿಂತು ಹೇಳಿದೆ. ಕೂರಿಗೆಯ ಎರಡನೆಯ ಕೊಳವೆಯಲ್ಲಿ ಗಿಣ್ಣು ಉಳಿದಿತ್ತು, ನಾನು ನೋಡದೆ ಕಟ್ಟಿದ್ದೆ. ಬೀಜ ಬೀಳದ್ದು ಅದರಿಂದ. ಗುಡ್ಡಮ್ಮಕ್ಕನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ, ಐದು ಸಾಲು ನೋಡಿದರೆ ಗೊತ್ತಾಗುತ್ತದೆ. ಇದು ನನಗೆ ಮೂರು ವಾರದಿಂದ ಗೊತ್ತು.

ಹೆಂಗಸರು ಕಳೆ ಕೀಳುವುದು ನಿಲ್ಲಿಸಿದರು. ಅಣ್ಣ ನೆಲ ನೋಡಿದ, ಅವನೂ ಅಂದವನಲ್ಲವೇ.

ಗುಡ್ಡಮ್ಮಕ್ಕ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವಳು ಖುಷಿಯಾಗುತ್ತಾಳೆ, ಇಲ್ಲ ಅಳುತ್ತಾಳೆ ಎಂದುಕೊಂಡಿದ್ದೆ. ಎರಡೂ ಇಲ್ಲ.

"ಮೂರು ವಾರದ ಹಿಂದೆ ಹೇಳಿದ್ರೆ ಬಿತ್ತನೆ ಇತ್ತು," ಎಂದಳು. "ಈಗ ಮುಗೀತು. ನಾನಿನ್ನು ಬಟ್ಟಲ ಹಿಂದೆ ನಿಲ್ಲೋದು ಬರೋ ವರ್ಷಕ್ಕೆ, ಅದೂ ಕರೆದ್ರೆ. ಇಲ್ಲಿ ಹತ್ತು ಜನ ಕೇಳಿದ್ರು. ಕುಬಟೂರಿನೋರಿಗೆ ಯಾರು ಹೇಳ್ತಾರೆ?"

ನಾನೇ ಬಂದು ಹೇಳುತ್ತೇನೆ ಎಂದೆ. ನಾಳೆಯೇ ಎಂದರೆ ಕುಬಟೂರಿನ ಆ ಎರಡು ಮನೆಯವರೂ ನೆಂಟರ ಮದುವೆಗೆ ಹೋಗಿದ್ದಾರಂತೆ, ಬರುವುದು ಭಾನುವಾರ ಸಂಜೆ. ಸೋಮವಾರ ಹೋಗೋಣ ಎಂದು ಅವಳೇ ದಿನ ಇಟ್ಟಳು. ಸೋಮವಾರ ಅಂದರೆ ಏಳನೇ ತಾರೀಖು. ಅವಳಿಗೆ ಅದನ್ನು ಹೇಳಲಿಲ್ಲ.

5 ಜುಲೈ, ಶನಿವಾರ

ಶಿಕಾರಿಪುರದಲ್ಲಿ ವೀರಬಸಪ್ಪ ಮೇಷ್ಟ್ರ ಮನೆಯಲ್ಲಿ ಎರಡು ಕಾಗದ ಬರೆಸಿದೆ.

ಮೊದಲನೆಯದು ದೊಡ್ಡದು. ತಲೆಕೆಳಗಿನ ಪ್ರಯೋಗದ ಫಲಿತವನ್ನು ಫೈಲಿಗೆ ಸೇರಿಸಬೇಕು, 'ಮಾಡೆಲಿನಲ್ಲಿ ದೋಷವಿರಲಿಲ್ಲ' ಎಂಬ ಮಾತನ್ನು ಸಾಹೇಬರು ಸಹಿ ಹಾಕಿ ಬರೆಯಬೇಕು, ಬರೆಯುವವರೆಗೆ ನಾನು ಪ್ರತಿ ವಾರ ಕೇಳುತ್ತಲೇ ಇರುತ್ತೇನೆ ಎಂದು. ಮೇಷ್ಟ್ರು ಉತ್ಸಾಹದಿಂದ ಬರೆದರು, ಒಂದೆರಡು ಕಡೆ ನನಗಿಂತ ಅವರ ಸಿಟ್ಟೇ ಜಾಸ್ತಿಯಿತ್ತು.

ಎರಡನೆಯದು ರಜೆಯ ಅರ್ಜಿ. ಏಳರ ಬದಲು ಒಂಬತ್ತನೇ ತಾರೀಖು ಹಾಜರಾಗುತ್ತೇನೆ ಎಂದು. ಕಾರಣ ಏನು ಬರೆಯಲಿ, ಜ್ವರ ಅನ್ನೋಣವೇ ಎಂದು ಕೇಳಿದರು. ನಾನು ಹೇಳಿದೆ, ಊರಿನಲ್ಲಿ ನಾನು ಮಾಡಿದ ಕೆಲಸವೊಂದರಲ್ಲಿ ತಪ್ಪಿತ್ತು, ಅದನ್ನು ನಾನು ಬೇರೊಬ್ಬರ ಮೇಲೆ ಹೊರಿಸಿದ್ದೆ, ಹೋಗಿ ಹೇಳಿ ಬರಬೇಕಾಗಿದೆ, ಹಾಗೇ ಬರೆಯಿರಿ ಎಂದೆ.

ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ಉಚ್ಚಂಗಪ್ಪನೋರೆ, ಇದನ್ನ ಬರೆದ್ರೆ ಅವರು ಇದನ್ನೇ ಹಿಡ್ಕೋತಾರ್ರೀ. ನೋಡಿ, ಈತನ ಕೈಯಲ್ಲಿ ತಪ್ಪಾಗೋದು ಉಂಟು ಅಂತ ಈತನೇ ಒಪ್ಪಿಕೊಂಡಿದಾನೆ ಅಂತಾರೆ. ಆ ಕಾಗದಕ್ಕೆ ಈ ಕಾಗದವೇ ವೈರಿ."

ಅದು ನನಗೂ ಹೊಳೆದಿತ್ತು. ಬಸ್ಸಿನಲ್ಲಿ ಬರುವಾಗ ಜ್ವರ ಅಂತಲೇ ಬರೆಸುವುದೆಂದು ಎರಡು ಸಲ ತೀರ್ಮಾನ ಮಾಡಿದ್ದೆ.

"ಹಿಡ್ಕೊಳ್ಳಲಿ," ಎಂದೆ. "ರೆಕ್ಕೆ ನಾನು ಸರಿಯಾಗಿ ಮಾಡಿದ್ದೆ, ಕೊಳವೆ ಮಾಡಿರಲಿಲ್ಲ. ಎರಡನ್ನೂ ಬರೀರಿ."

ಮೇಷ್ಟ್ರು ಪೆನ್ನು ಎತ್ತಿಕೊಂಡು ಬರೆದರು. ಓದಿ ಹೇಳಿಸಿಕೊಂಡು ಸಹಿ ಹಾಕಿದೆ. ಎರಡನ್ನೂ ಒಂದೇ ಲಕೋಟೆಗೆ ಹಾಕಿ ರಿಜಿಸ್ಟರ್ ಮಾಡಿ ಬಂದೆ.